ಒಂದೇ ಟವೆಲ್ಲು

ಬಸ್ಸಿನಲ್ಲಿ ಅವಳ ಸೀಟಿಯ ಸದ್ದಿಗೆ ಎದುರಾಡುವವರಿರಲಿಲ್ಲ. ಒಂದು ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಬಾಗಿಲಲ್ಲಿ ಜೋತುಬಿದ್ದ ಪೈಲ್ವಾನನೂ ಅವಳೊಮ್ಮೆ ದುರುಗುಟ್ಟಿದರೆ ಒಳಗೆ ಸರಿಯಬೇಕು. ಪ್ರಯಾಣಿಕರ ಪಾಲಿಗೆ ಅವಳು ಸೀಟಿ ಅಕ್ಕ. ಇಂಥ ಕಂಡಕ್ಟರು ಮಗಳ ಶಿಶುವಿಹಾರದ ಗೇಟು ದಾಟಿದೊಡನೆ ಬಾಯಿಗೆ ಬೀಗ ಜಡಿದುಕೊಳ್ಳುತ್ತಿದ್ದಳು.

ಅದಕ್ಕೆ ಕಾರಣವಿತ್ತು. ಮಗಳು ಚೋಟಿಗೆ ಹಾಲೆಂದರೆ ವಿಷ. ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಅಜ್ಜಿ ಮುದ್ದಿಗೆಂದು ಕುಡಿಸಿದ ಒಂದು ಚಮಚ ಹಾಲಿಗೆ ತುಟಿ ಬಾತು, ಉಸಿರು ಸಿಕ್ಕಿಕೊಂಡು, ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಡಬೇಕಾಗಿ ಬಂದಿತ್ತು. ಅಂದಿನಿಂದ ಅಜ್ಜಿ ಹಾಲಿನ ಪಾತ್ರೆ ಮುಟ್ಟಿದ ಕೈಯನ್ನು ಮೊಣಕೈವರೆಗೆ ತೊಳೆಯುತ್ತಾರೆ. ಹೊರಗಿನವರನ್ನು ನಂಬಿಸುವುದೇ ಕಷ್ಟ. ಹಾಲು ಕುಡಿದರೆ ಮಗುವಿಗೆ ಏನಾಗುತ್ತದೆ ಎಂದು ಕೆಲವರು ನಕ್ಕರು. ನಂಬಿದ ಶಿಶುವಿಹಾರಗಳು ಬಾಗಿಲು ಹಾಕಿಕೊಂಡವು. ಸೇರಿಸಿಕೊಂಡದ್ದು ಇದೊಂದೇ.

ಆ ಉಪಕಾರವನ್ನು ಅಲ್ಲಿನ ದೊಡ್ಡ ಮೇಡಂ ಯಾರಿಗೂ ಮರೆಯಗೊಡಲಿಲ್ಲ. ಬಂದವರನ್ನೆಲ್ಲ ಚೋಟಿಯ ಹಳದಿ ಕುರ್ಚಿಯ ಬಳಿ ಕರೆದೊಯ್ದು, ಇಂಥ ಮಗುವನ್ನೂ ತಾವು ಹೇಗೆ ಮಡಿಲಿಗೆ ಹಾಕಿಕೊಂಡೆವೆಂದು ವರ್ಣಿಸುತ್ತಿದ್ದರು. ವರ್ಣನೆ ಮುಗಿಯುವಷ್ಟರಲ್ಲಿ ಅವರ ಕಣ್ಣೇ ತುಂಬಿ ಬರುತ್ತಿತ್ತು. ಸೀಟಿ ಅಕ್ಕ ಪಕ್ಕದಲ್ಲಿ ಕೈಕಟ್ಟಿ ನಿಂತು ತಲೆಯಾಡಿಸುವಳು. ಹಲ್ಲು ಕಚ್ಚಿದ್ದು ಹೊರಗೆ ಕಾಣುತ್ತಿರಲಿಲ್ಲ.

ಈಚೆಗೆ ಚೋಟಿಯ ಬಾಯಿಯ ಸುತ್ತ ಆಗಾಗ ಕೆಂಪು ದದ್ದು ಏಳತೊಡಗಿತ್ತು. ನಿಮ್ಮ ಮನೆಯ ಸೋಪು ಸರಿಯಿಲ್ಲ ಎಂದರು ಮೇಡಂ. ಅವಳು ಸೋಪು ಬದಲಿಸಿದಳು. ದದ್ದು ಹೋಗಲಿಲ್ಲ. ಬಟ್ಟೆ ಒಗೆಯುವ ಪುಡಿ ಬದಲಿಸಿದಳು. ಕೊನೆಗೆ, ನೀವೇ ಎಲ್ಲೋ ಕೈ ತೊಳೆಯದೆ ಮುಟ್ಟಿದ್ದೀರಿ ಎಂದು ಅತ್ತೆಯ ಮೇಲೆ ಹರಿಹಾಯ್ದಳು. ಆ ಮುದುಕಿ ಎರಡು ದಿನ ಮೊಮ್ಮಗಳನ್ನು ಎತ್ತಿಕೊಳ್ಳಲೇ ಇಲ್ಲ.

ಒಂದು ದಿನ ಬಸ್ಸು ಕೆಟ್ಟು ನಿಂತಿತು. ಸೀಟಿ ಅಕ್ಕ ಎಂದಿಗಿಂತ ಮೊದಲೇ, ಯೂನಿಫಾರಂನಲ್ಲೇ ಮಗಳನ್ನು ಕರೆತರಲು ಹೊರಟಳು. ಶಿಶುವಿಹಾರದಲ್ಲಿ ಆಗಷ್ಟೇ ಹಾಲು ಕುಡಿದು ಮುಗಿದಿತ್ತು. ತಮ್ಮಲ್ಲಿಂದ ಮಕ್ಕಳು ಫಳಫಳ ಹೊಳೆಯುವ ಮುಖದಲ್ಲೇ ಮನೆಗೆ ಹೋಗಬೇಕೆಂಬುದು ದೊಡ್ಡ ಮೇಡಂ ಅವರ ಹೆಮ್ಮೆ. ವರಾಂಡದ ಕುರ್ಚಿಯಲ್ಲಿ ಕೂತು, ಸಾಲಾಗಿ ಬಂದ ಮಕ್ಕಳ ಮುಖವನ್ನು ಅವರೇ ಒರೆಸುತ್ತಿದ್ದರು. ಬಿಳಿ ಮೀಸೆಯ ಹುಡುಗ ಬಂದ, ಒರೆಸಿದರು. ಗಲ್ಲದ ಮೇಲೆ ಹಾಲು ಸುರಿಸಿಕೊಂಡವಳು ಬಂದಳು, ಒರೆಸಿದರು. ಟವೆಲ್ಲು ಮಾತ್ರ ಅದೇ. ಅವಳ ಹಿಂದೆ, ಮುಖವನ್ನು ಮೇಲೆತ್ತಿ, ಕಣ್ಣು ಮುಚ್ಚಿಕೊಂಡು, ಚೋಟಿ.

ಸೀಟಿ ಅಕ್ಕ ಒಂದು ಸೀಟಿ ಊದಿದಳು, ಉದ್ದಕ್ಕೆ. ಮಕ್ಕಳು ನಿಂತಲ್ಲೇ ನಿಂತರು. ದೊಡ್ಡ ಮೇಡಂ ಅವರ ಕೈ ಗಾಳಿಯಲ್ಲೇ ನಿಂತಿತು. ಅವಳು ಹೋಗಿ ಮಗಳನ್ನು ಎತ್ತಿಕೊಂಡಳು.

“ಏನಮ್ಮಾ ಇದು, ಬಸ್ ಸ್ಟ್ಯಾಂಡಾ?” ಎಂದರು ಮೇಡಂ. “ನಾನೇನು ಹಾಲು ಕುಡಿಸಿದ್ನಾ? ಮುಖ ಒರೆಸ್ತಿದೀನಿ. ದಿನಾ ಬಿಸಿನೀರಲ್ಲಿ ಒಗೆಸೋ ಟವೆಲ್ಲು.”

“ಕುಡಿಸಿಲ್ಲ, ಬಳೀತಿದೀರಿ. ದದ್ದಿಗೇ ನಿಂತಿದ್ದು ನಮ್ಮ ಪುಣ್ಯ. ಉಸಿರು ಕಟ್ಟಿದ್ರೆ ಆಗ್ಲೂ ಸೋಪು ಅಂತಿದ್ರಾ?”

“ಯಾರೂ ಸೇರಿಸ್ಕೊಳ್ಳದ ಮಗೂನ ಸೇರಿಸ್ಕೊಂಡಿದ್ದಕ್ಕೆ ಇದಾ ಬಹುಮಾನ? ಇಷ್ಟ ಇಲ್ಲದಿದ್ರೆ ಬೇರೆ ಕಡೆ ನೋಡ್ಕೋಬಹುದು.”

ಅವಳು ಇಷ್ಟು ದಿನ ಹೆದರಿದ್ದು ಈ ಮಾತಿಗೇ. ಕೇಳಿದ ಮೇಲೆ ಹೆದರಿಕೆ ಎತ್ತಲೋ ಹೋಯಿತು.

“ಇಷ್ಟು ದಿನ ಅದಕ್ಕೇ ಬಾಯಿ ಮುಚ್ಕೊಂಡಿದ್ದೆ ಮೇಡಂ. ನಿಮ್ಮ ಟವೆಲ್ಲು ಬಿಟ್ಟು ಸೋಪನ್ನ ಬೈದೆ, ನಮ್ಮತ್ತೇನ ಬೈದೆ. ನಾನು ಎಲ್ಲೂ ಹೋಗಲ್ಲ. ಈಗ ತಾಯಂದಿರೆಲ್ಲ ಬರ್ತಾರೆ. ನೀವು ಹೇಳ್ತೀರೋ, ನಾನು ಹೇಳ್ಲೋ?”

ದೊಡ್ಡ ಮೇಡಂ ಗೇಟಿನ ಕಡೆ ನೋಡಿದರು. ಆಗಲೇ ಇಬ್ಬರು ತಾಯಂದಿರು ಚಪ್ಪಲಿ ಬಿಡುತ್ತಿದ್ದರು. ಟವೆಲ್ಲು ಮಡಿಲಿಗಿಳಿಯಿತು.

ಮರುವಾರ ಪ್ರತಿ ಮಗುವಿನ ಎದೆಯ ಮೇಲೂ ಅದರದೇ ಕರವಸ್ತ್ರ, ಪಿನ್ನು ಹಾಕಿ. ಇದು ತಾವು ರಾತ್ರಿಯೆಲ್ಲ ಯೋಚಿಸಿ ಜಾರಿಗೆ ತಂದ ಯೋಜನೆ ಎಂದು ದೊಡ್ಡ ಮೇಡಂ ಬಂದವರಿಗೆ ವಿವರಿಸುತ್ತಿದ್ದರು. ವರ್ಣನೆಯಲ್ಲಿ ಕಣ್ಣು ತುಂಬುವ ಜಾಗ ಮಾತ್ರ ಬದಲಾಗಿತ್ತು. ಸೀಟಿ ಅಕ್ಕನನ್ನು ಕಂಡು, ಈಗ ಸಮಾಧಾನವಾಯಿತೇ ಎಂದು ಕೇಳಿದರು.

ಇಲ್ಲ ಎಂದಳು. ಜೇಬಿನಿಂದ ಹಳೆಯ ಸೀಟಿಯೊಂದನ್ನು ತೆಗೆದು ಮಗಳ ಕೊರಳಿಗೆ ಹಾಕಿದಳು. ಬೇರೆಯವರ ಬಟ್ಟೆ ಮುಖದ ಹತ್ತಿರ ಬಂದರೆ ಒಂದು ಸಲ ಊದು ಎಂದು ಮೇಡಂ ಎದುರಿಗೇ ಹೇಳಿಕೊಟ್ಟಳು.

“ಅಯ್ಯೋ, ಮಕ್ಕಳು ಮಲಗೋ ಹೊತ್ತಲ್ಲಿ ಇದನ್ನ ಊದಿದ್ರೆ?”

“ಊದೋ ಹಾಗೆ ಮಾಡ್ಬೇಡಿ ಮೇಡಂ” ಎಂದು ಅವಳು ಬಸ್ಸಿಗೆ ಹೊರಟಳು.