ಒಂದು ಗೇಣು ಬಟ್ಟೆಯ ಸುದ್ದಿ

ನನಗೆ ಒಳ್ಳೆಯ ಸುದ್ದಿ ಹೇಳಲು ಬರುವುದಿಲ್ಲ. ಕೆಟ್ಟ ಸುದ್ದಿಯಾದರೆ ಹೇಗೋ ಹೇಳಿಬಿಡುತ್ತೇನೆ. ಅರ್ಧ ಕೆಲಸವನ್ನು ಮುಖವೇ ಮಾಡಿಕೊಡುತ್ತದೆ. ಒಳ್ಳೆಯದಾದಾಗ ಮಾತ್ರ ನಾಲಗೆ ಒಣಗುತ್ತದೆ, ಸೆರಗಿನ ತುದಿ ತಾನಾಗಿ ಬೆರಳಿಗೆ ಸುತ್ತಿಕೊಳ್ಳುತ್ತದೆ, ಎದುರಿಗಿದ್ದವರು ನನಗೇನೋ ಆಗಿದೆ ಎಂದು ಗಾಬರಿಯಾಗಿ ನೀರು ತಂದುಕೊಡುತ್ತಾರೆ. ಏಳನೆಯ ಇಯತ್ತೆ ಪಾಸಾದಾಗ ಅದನ್ನು ನಮ್ಮವ್ವನಿಗೆ ಹೇಳಲು ಮೂರು ದಿನ ತೆಗೆದುಕೊಂಡೆ. ಅಷ್ಟರಲ್ಲಿ ಅವಳು ನಾನು ನಾಪಾಸಾಗಿದ್ದೇನೆಂದೇ ತಿಳಿದು, ಸಾಲಿ ಬಿಡಿಸುವ ಮಾತನ್ನೂ ಆಡಿ ಮುಗಿಸಿದ್ದಳು. ಪಾಸಾಗಿದ್ದೇನೆಂದು ಗೊತ್ತಾದ ಮೇಲೂ ಬಿಡಿಸಿದಳು, ಆ ಮಾತು ಬೇರೆ.

ಪಲ್ಲವಿ, ಕಿರಣ, ನನ್ನ ಮೊಮ್ಮಕ್ಕಳೇ, ನಿಮ್ಮ ಆಯಿ ಇಂಥವಳು. ಇಂಥವಳು ಫೋನಿನಲ್ಲಿ ನೂರಕ್ಕೂ ಹೆಚ್ಚು ಹೆಂಗಸರಿಗೆ ತನ್ನ ಸುದ್ದಿ ಹೇಳಿದ್ದು ಹೇಗೆಂದು ಬರೆದಿಡಬೇಕು ಅನ್ನಿಸಿತು. ನಿಮಗೆ ಈಗ ಓದಲು ಪುರುಸೊತ್ತಿಲ್ಲದಿದ್ದರೆ ಇರಲಿ. ಕಾಗದಕ್ಕೆ ಅವಸರವಿಲ್ಲ.

ನಮ್ಮ ಕಡೆ ಒಳ್ಳೆಯ ಸುದ್ದಿಯನ್ನು ಬರಿಗೈಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಗಂಡು ಹುಟ್ಟಲಿ, ಹೆಣ್ಣು ಹುಟ್ಟಲಿ, ಹೊಲಕ್ಕೆ ಬಾವಿ ತೋಡಿ ನೀರು ಬೀಳಲಿ, ಒಂದು ವಾಟಗ ಸಕ್ಕರೆ ಹಿಡಿದುಕೊಂಡೇ ಓಣಿಗೆ ಇಳಿಯಬೇಕು. ಮೊದಲು ಅಂಗೈಗೆ ಸಕ್ಕರೆ, ಆಮೇಲೆ ಕಿವಿಗೆ ಸುದ್ದಿ. ಕೇಳುವವರು ಸಕ್ಕರೆ ಬಾಯಿಗೆ ಹಾಕಿಕೊಂಡುಬಿಟ್ಟಿರುವುದರಿಂದ ಹೊಟ್ಟೆಕಿಚ್ಚಿನ ಮಾತು ಆಡಲು ಸ್ವಲ್ಪ ತಡವಾಗುತ್ತಿತ್ತು. ಹಿರಿಯರು ಎಲ್ಲವನ್ನೂ ಯೋಚಿಸಿಯೇ ಮಾಡಿದ್ದರೋ ಏನೋ.

ಈಗ ಅಂಗೈ ಇಲ್ಲ, ಸಕ್ಕರೆ ಇಲ್ಲ, ಫೋನಿದೆ. ನರಗುಂದದ ಶಾಂತಕ್ಕ ಎನ್ನುವವರು ಹೊಲಿಗೆ ಕಲಿಸುವವರು. ತಮ್ಮಲ್ಲಿ ಕಲಿತ ಹೆಂಗಸರನ್ನು ಕೂಡಿಸಿ ಫೋನಿನಲ್ಲಿ ಒಂದು ಗುಂಪು ಮಾಡಿ ಅದಕ್ಕೆ "ಸಕ್ಕರಿ" ಎಂದು ಹೆಸರಿಟ್ಟರು. ಕಲಿತವರು ತಮ್ಮ ಅಕ್ಕತಂಗಿಯರನ್ನು ಸೇರಿಸಿದರು, ಅವರು ನೆರೆಯವರನ್ನು. ಎರಡು ವರ್ಷದ ಕೆಳಗೆ ನಿಮ್ಮವ್ವ, ತಾನು ಸೇರದಿದ್ದರೂ, ಗೆಳತಿಯೊಬ್ಬಳಿಗೆ ಹೇಳಿ ನನ್ನನ್ನು ಸೇರಿಸಿದಳು. ಬೆಳಗಿನ ಶುಭಾಶಯದ ಹೂವು, ದೇವರ ಫೋಟೋ, ಮದ್ದಿನ ಸಲಹೆ ಅಲ್ಲಿ ಹಾಕುವಂತಿಲ್ಲ. ಒಳ್ಳೆಯ ಸುದ್ದಿ ಮಾತ್ರ, ಅದೂ ತನ್ನದೇ, ಅದೂ ತನ್ನ ದನಿಯಲ್ಲೇ.

ಎಂಥೆಂಥ ಸುದ್ದಿಗಳು! ಹೊಳೆಆಲೂರಿನ ಒಬ್ಬಾಕೆ ಜೀವನದಲ್ಲಿ ಮೊದಲ ಸಲ ಒಬ್ಬಳೇ ರೈಲು ಹತ್ತಿ, ಇಳಿಯಬೇಕಾದ ಊರಿನಲ್ಲೇ ಇಳಿದಿದ್ದಳು. ರೋಣದ ಒಬ್ಬಾಕೆ ಬ್ಯಾಂಕಿನ ಚೀಟಿಯನ್ನು ಯಾರನ್ನೂ ಕೇಳದೆ ತುಂಬಿದ್ದಳು. ಇನ್ನೊಬ್ಬಾಕೆಯ ಅತ್ತೆ ಹದಿನಾಲ್ಕು ವರ್ಷದ ಮೇಲೆ ಅವಳ ಸಾರು ಚಲೋ ಆಗಿದೆ ಅಂದಿದ್ದಳು. ಆ ಸುದ್ದಿಗೆ ಬಿದ್ದಷ್ಟು ಚಪ್ಪಾಳೆ ಮಗನಿಗೆ ನೌಕರಿ ಸಿಕ್ಕವಳಿಗೂ ಬೀಳಲಿಲ್ಲ. ಇವರಲ್ಲಿ ಯಾರ ಮುಖವನ್ನೂ ನಾನು ಕಂಡಿಲ್ಲ. ದನಿಯ ಹಿಂದಿನ ಸದ್ದಿನಿಂದಲೇ ಗುರುತು ಹಿಡಿಯುತ್ತೇನೆ: ಒಬ್ಬಾಕೆಯ ಹಿಂದೆ ಯಾವಾಗಲೂ ಹಿಟ್ಟಿನ ಗಿರಣಿ, ಒಬ್ಬಾಕೆಯ ಹಿಂದೆ ಅಳುವ ಕೂಸು, ಶಾಂತಕ್ಕನ ಹಿಂದೆ ಹೊಲಿಗೆ ಯಂತ್ರ. ಕೆಲವರಿಗೆ ದನಿಯೇ ಇಲ್ಲ. ಕೊಣ್ಣೂರಿನ ನೀಲವ್ವ ಎಂಬಾಕೆ ಎಲ್ಲರ ಸುದ್ದಿಗೂ ಎರಡು ಕೈ ಜೋಡಿಸಿದ ಚಿತ್ರ ಹಾಕಿ ಸುಮ್ಮನಾಗುತ್ತಿದ್ದಳು. ನಾನೂ ಹಾಗೇ. ನಾನು ಆಕೆಯನ್ನು ನನ್ನಂತೆಯೇ ನಾಚಿಕೆಯವಳು ಎಂದುಕೊಂಡಿದ್ದೆ.

ಗುಂಪಿಗೆ ಇನ್ನೊಂದು ಕಟ್ಟಳೆ ಇತ್ತು. ಅದೇ ನನ್ನ ಬಾಯಿ ಕಟ್ಟಿದ್ದು. ಸುದ್ದಿ ಹೇಳುವ ಮೊದಲು ಒಡಪು ಹೇಳಬೇಕು, ಅಂದರೆ ಪ್ರಾಸದ ಎರಡು ಸಾಲು ಕಟ್ಟಿ ಅದರಲ್ಲಿ ಗಂಡನ ಹೆಸರು ಹೇಳಬೇಕು.

ನಿಮಗೆ ಇದು ಹೇಳದಿದ್ದರೆ ತಿಳಿಯದು. ನಿಮ್ಮವ್ವ ನಿಮ್ಮಪ್ಪನನ್ನು ಹೆಸರು ಹಿಡಿದೇ ಕರೆಯುತ್ತಾಳೆ, ಅದೂ ಅಡುಗೆಮನೆಯಿಂದ ಬೀದಿಯವರೆಗೆ ಕೇಳುವ ಹಾಗೆ. ಮೊದಮೊದಲು ನನಗೆ ಎದೆ ಝಲ್ಲೆನ್ನುತ್ತಿತ್ತು. ಈಗ ಹೊಟ್ಟೆಕಿಚ್ಚಾಗುತ್ತದೆ. ನಮ್ಮ ಕಾಲದಲ್ಲಿ ಹೆಂಡತಿಯಾದವಳು ಗಂಡನ ಹೆಸರು ಎತ್ತುತ್ತಿರಲಿಲ್ಲ. ಎತ್ತುವುದು ಒಡಪಿನಲ್ಲಿ ಮಾತ್ರ. ಮದುವೆಯಲ್ಲಿ, ಬಸುರಿಯ ಕುಬುಸದಲ್ಲಿ, ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ನಿಲ್ಲಿಸಿ, ಹೆಸರು ಹೇಳಿದರೇ ಒಳಗೆ ಎಂದು ಹೆಂಗಸರು ಪಟ್ಟು ಹಿಡಿಯುತ್ತಿದ್ದರು. ನಾನು ನನ್ನ ಮದುವೆಯಲ್ಲಿ ಎಷ್ಟು ಮೆಲ್ಲಗೆ ಹೇಳಿದೆನೆಂದರೆ ಮೂರು ಸಲ ಹೇಳಿಸಿದರು. ಮೂರನೆಯ ಸಲ ನಿಮ್ಮ ಅಜ್ಜನೇ ನಡುವೆ ಬಾಯಿ ಹಾಕಿ, ನನಗೆ ಕೇಳಿಸಿತು, ಬಿಡ್ರಿ ಅಂದರು. ಎಲ್ಲರೂ ನಕ್ಕರು. ನಾನು ಅಂದೇ ಮನಸ್ಸು ಕೊಟ್ಟೆನೆಂದು ಕಾಣುತ್ತದೆ; ಅದನ್ನೂ ಅವರಿಗೆ ಹೇಳಲಿಲ್ಲ.

ಅವರು ಹೋಗಿ ಆರು ವರ್ಷ. ಗಂಡ ಸತ್ತವಳಿಗೆ ಒಡಪು ಹೇಳು ಎಂದು ಯಾರೂ ಕೇಳುವುದಿಲ್ಲ. ಯಾರೂ ಬೇಡವೆಂದೂ ಹೇಳುವುದಿಲ್ಲ. ಮದುವೆಮನೆಯಲ್ಲಿ ಸಾಲಾಗಿ ಕೇಳುತ್ತ ಬಂದವರು ನನ್ನ ಹತ್ತಿರ ಬಂದಾಗ ಕಣ್ಣು ತಗ್ಗಿಸಿ ಮುಂದಿನವಳನ್ನು ಕೇಳುತ್ತಾರೆ, ಅಷ್ಟೆ. ಹಾಗಾಗಿ ಆ ಹೆಸರು ನನ್ನ ಬಾಯಿಗೆ ಬರುವ ಇದ್ದೊಂದು ದಾರಿಯೂ ಮುಚ್ಚಿತು. ರೇಷನ್ ಕಾರ್ಡಿನಲ್ಲಿ, ಗೋಡೆಯ ಫೋಟೋದ ಕೆಳಗೆ ಅದನ್ನು ಕಣ್ಣಿನಿಂದ ಓದಿಕೊಳ್ಳುತ್ತಿದ್ದೆ. ಬಾಯಿಗೂ ಹಸಿವಿರುತ್ತದೆ ಎಂದು ನನಗೆ ಗೊತ್ತಾದದ್ದು ಹಾಗೆ.

ಗುಂಪಿನಲ್ಲಿ ನಾನು ವಿಧವೆ ಎಂದು ಯಾರಿಗೂ ಗೊತ್ತಿರಲಿಲ್ಲ. ಪಲ್ಲವಿ ನನ್ನ ಫೋಟೋದ ಜಾಗದಲ್ಲಿ ದಾಸವಾಳದ ಹೂವು ಇಟ್ಟಿದ್ದಳು. ನಿಜ ಹೇಳುತ್ತೇನೆ, ಗುಂಪಿನಲ್ಲಿ ಕೂತಿರಲು ನನಗೆ ಹಿತವಾಗಿದ್ದದ್ದು ಅದರಿಂದಲೇ. ಶುಭದ ಮಾತಿಗೆ ನನ್ನ ಎದುರು ಬರುವುದನ್ನು ತಪ್ಪಿಸುವವರು ಅಲ್ಲಿ ಇರಲಿಲ್ಲ. ಎಲ್ಲರ ಸುದ್ದಿಯೂ ಎಲ್ಲರೊಂದಿಗೆ ನನ್ನ ಕಿವಿಗೂ ಬೀಳುತ್ತಿತ್ತು. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಇನ್ನು ನನ್ನ ಸುದ್ದಿ. ಅದು ಬರೀ ಒಂದು ಗೇಣು ಉದ್ದದ್ದು.

ನಿಮ್ಮ ಅಜ್ಜ ಇದೇ ಗಜೇಂದ್ರಗಡದ ಓಣಿಯಲ್ಲಿ ನಲವತ್ತು ವರ್ಷ ಮಗ್ಗದಲ್ಲಿ ಕೂತು ಸೀರೆ ನೇಯ್ದರು. ನಾನು ಪಕ್ಕದಲ್ಲಿ ಕೂತು ಲಾಳಿಗೆ ನೂಲಿನ ಕಂಡಿಕೆ ಸುತ್ತಿದೆ. ಮಗ್ಗದ ಕಿಟಕಿ ಬೀದಿಗೆ ತೆರೆದಿತ್ತು. ದಿನಕ್ಕೊಮ್ಮೆಯಾದರೂ ಅವರು ಎದ್ದು ನಿಂತು, ಬಾ, ಒಂದು ಸಲ ಕುಂತು ನೋಡು, ಲಾಳಿ ಏನು ಕಡಿಯುವುದಿಲ್ಲ ಅನ್ನುತ್ತಿದ್ದರು. ಬೀದಿಯಲ್ಲಿ ಹೋಗುವವರು ನೋಡುತ್ತಾರೆಂದು ನಾನು ನಾಳೆ ಅನ್ನುತ್ತಿದ್ದೆ. ನಲವತ್ತು ವರ್ಷದ ನಾಳೆಗಳನ್ನು ಒಟ್ಟಿದರೆ ಎಷ್ಟು ಸೀರೆಯಾಗುತ್ತಿತ್ತೋ. ಅವರು ಹೋದ ಮೇಲೆ ಮಗ್ಗ ನಾಲ್ಕು ಮನೆ ಆಚೆಯ ಹನಮವ್ವನ ಮನೆಗೆ ಹೋಯಿತು. ಈಗಲೂ ಬೆಳಗಾದರೆ ಅದರ ಸದ್ದು ಇಲ್ಲಿಯವರೆಗೆ ಕೇಳುತ್ತದೆ. ಹನಮವ್ವನ ಪೆಟ್ಟು ಚುರುಕು, ಅವರದು ನಿಧಾನ. ಆರು ವರ್ಷವಾದರೂ ನನ್ನ ಕಿವಿ ಆ ನಡುವಿನ ವ್ಯತ್ಯಾಸಕ್ಕೆ ಒಗ್ಗಿಲ್ಲ.

ಹೋದ ತಿಂಗಳು ಕರಿಬೇವು ಕೊಡಲು ಹನಮವ್ವನ ಮನೆಗೆ ಹೋಗಿದ್ದೆ. ಅವಳು ಕೊನೆಯ ಸೀರೆ ಇಳಿಸಿ ಸೊಂಟ ಹಿಡಿದುಕೊಂಡು ನಿಂತಿದ್ದಳು. ಮಗ್ಗದಲ್ಲಿ ಯಾರಿಗೂ ಬೇಡದ ಒಂದಿಷ್ಟು ಹಾಸುನೂಲು ಉಳಿದಿತ್ತು. ನನಗೇನಾಯಿತೋ, ನಾನು ಕುಳಿತುಕೊಳ್ಳಲೇ ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ಹಿಂದೆ ತಿರುಗಿ ನೋಡಿದೆ, ಬೇರೆ ಯಾರೋ ಕೇಳಿದರೇನೋ ಎಂದು.

"ಕುಂದರ್ರಿ ಅಕ್ಕಾರ," ಅಂದಳು ಹನಮವ್ವ. "ನಿಮ್ಮ ಮನಿಯವರು ಇದ್ದಾಗ ಕುಂತಿದ್ರ ಇಷ್ಟೊತ್ತಿಗೆ ನನಗ ನೀವ ಕಲಸ್ತಿದ್ರಿ."

ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟೆ. ತುಳಿಯುವ ಹಲಗೆಯ ಮೇಲೆ ಎರಡು ತಗ್ಗು ಸವೆದಿದ್ದವು. ಹನಮವ್ವನ ಪಾದ ನನ್ನದಕ್ಕಿಂತ ಚಿಕ್ಕದು. ಅವು ಅವಳು ಸವೆಸಿದವಲ್ಲ. ನನ್ನ ಹಿಮ್ಮಡಿಯ ಹಿಂದೆ ಎರಡು ಬೆರಳಿನಷ್ಟು ಜಾಗ ಖಾಲಿ ಉಳಿಯಿತು. ಹಿಮ್ಮಡಿಯನ್ನು ಹಿಂದೆ ಸರಿಸಿ ಆ ಜಾಗಕ್ಕೆ ಒತ್ತಿ ನೋಡಿದೆ. ಹನಮವ್ವ ಚಹಾಕ್ಕಿಡಲು ಒಳಗೆ ಹೋದಳು. ಆಮೇಲೆ ಲಾಳಿ ಎರಡು ಸಲ ನೆಲಕ್ಕೆ ಬಿತ್ತು, ನೂಲು ಹರಿದದ್ದು ಲೆಕ್ಕವಿಲ್ಲ, ಮಧ್ಯಾಹ್ನದ ಹೊತ್ತಿಗೆ ಒಂದು ಗೇಣು ಬಟ್ಟೆಯಾಯಿತು. ಹನಮವ್ವ ನನ್ನ ಫೋನಿನಲ್ಲಿ ಅದರ ಫೋಟೋ ತೆಗೆದಳು. ಬೀದಿಯಲ್ಲಿ ಜನ ಹೋದರು, ಬಂದರು. ಯಾರೂ ನೋಡಲಿಲ್ಲ. ನಲವತ್ತು ವರ್ಷ ನಾನು ಹೆದರಿದ್ದು ಯಾರಿಗೆ ಎಂದು ನನಗೇ ತಿಳಿಯಲಿಲ್ಲ.

ಮನೆಗೆ ಬಂದೆ. ಇದನ್ನು ಹೇಳಬೇಕು. ಎಂದೂ ಹೇಳಬೇಕೆನಿಸದವಳಿಗೆ ಅಂದು ಗಂಟಲವರೆಗೆ ಬಂದಿತ್ತು. ಹೇಳಬೇಕಾದವರು ಒಬ್ಬರೇ, ಅವರು ಗೋಡೆಯ ಮೇಲೆ. ಉಳಿದದ್ದು ಗುಂಪು. ಗುಂಪಿಗೆ ಹೇಳಲು ಒಡಪು ಬೇಕು. ಒಡಪಿಗೆ ಅವರ ಹೆಸರು ಬೇಕು. ಹೆಸರು ಹೇಳಿ ಸುಮ್ಮನಿದ್ದರೆ ಅವರು ಇದ್ದಾರೆಂದು ಎಲ್ಲರೂ ತಿಳಿಯುತ್ತಾರೆ. ಅವರ ವಿಷಯದಲ್ಲಿ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಇಲ್ಲ ಎಂದು ಹೇಳಿದರೆ ಮದುವೆಮನೆಯ ಕಣ್ಣುಗಳು ಫೋನಿನಲ್ಲೂ ತಗ್ಗುತ್ತವೆ.

"ಆಯಿ, ಒಡಪ ಬಿಟ್ಟು ಬರೇ ಫೋಟೋ ಹಾಕು," ಅಂದಳು, ಫೋಟೋ ನೋಡಿ ನನ್ನ ಪೇಚಾಟ ತಿಳಿದ ಪಲ್ಲವಿ. "ಯಾರ್ ಕೇಳ್ತಾರ?"

ಶಾಂತಕ್ಕ ಕೇಳುತ್ತಿದ್ದರು. ಒಮ್ಮೆ ಯಾರೋ ಒಡಪು ತಪ್ಪಿಸಿದ್ದಕ್ಕೆ, ಹೆಸರು ಹೇಳಲಾರದಷ್ಟು ನಾಚಿಕೆ ಈ ವಯಸ್ಸಿನಲ್ಲಿ ಎಲ್ಲಿಂದ ಬಂತು ಎಂದು ಎಲ್ಲರೆದುರು ಚೇಷ್ಟೆ ಮಾಡಿದ್ದರು. ಆಕೆ ಮತ್ತೆ ಗುಂಪಿನಲ್ಲಿ ಮಾತಾಡಲೇ ಇಲ್ಲ.

ಎರಡು ದಿನ ಸುದ್ದಿಯನ್ನು ಒಳಗೇ ಇಟ್ಟುಕೊಂಡು ಮನೆಯೆಲ್ಲ ತಿರುಗಿದೆ. ಮೂರನೆಯ ದಿನ ಬೆಳಿಗ್ಗೆ ನೀವೆಲ್ಲ ನಿಮ್ಮ ನಿಮ್ಮ ಕೆಲಸಕ್ಕೆ ಹೋದ ಮೇಲೆ, ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಫೋನನ್ನು ರೊಟ್ಟಿಯ ಬುಟ್ಟಿಗೆ ಆನಿಸಿ ನಿಲ್ಲಿಸಿ ಹೇಳಿದೆ. ಏಳೆಂಟು ಸಲ ಅಳಿಸಿದೆ. ಕೊನೆಗೆ ಅಳಿಸದೆ ಬಿಟ್ಟದ್ದು ಇಷ್ಟು:

"ಗುಡ್ಡದ ಕೆಳಗ ಊರು, ಊರಾಗ ಮಗ್ಗದ ಮನಿ, ಸಂಗಪ್ಪನವರು ಈಗಿಲ್ಲ, ಅವರ ಹೆಸರಿಗೆ ನನ್ನ ದನಿ. ಅವರು ಹೋಗಿ ಆರ್ ವರ್ಷ ಆತ್ರಿ. ಮೊನ್ನಿ ಅವರ ಮಗ್ಗದಾಗ ನಾ ಒಂದ ಗೇಣ ನೇಯ್ದೇನ್ರಿ."

ಜೊತೆಗೆ ಹನಮವ್ವ ತೆಗೆದ ಫೋಟೋ ಹಾಕಿದೆ. ಹಾಕಿದ ಮೇಲೆ ಗೊತ್ತಾಯಿತು, ಆ ಹೆಸರನ್ನು ಈ ಮನೆಯೊಳಗೆ ನಾನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಅವರಿದ್ದಾಗ ಹೇಳುವಂತಿರಲಿಲ್ಲ, ಇಲ್ಲದಾಗ ಕೇಳುವವರಿರಲಿಲ್ಲ. ಕೈಯಲ್ಲಿ ಲಟ್ಟಣಿಗೆ ಹಿಡಿದುಕೊಂಡು, ಯಾಕೆ ಹಿಡಿದೆ ಎಂದು ನೆನಪಾಗದೆ, ಸ್ವಲ್ಪ ಹೊತ್ತು ನಿಂತಿದ್ದೆ.

ಗುಂಪಿನಲ್ಲಿ ಎಲ್ಲರೂ ಕೇಳಿದ ಗುರುತು ಕಾಣುತ್ತಿತ್ತು, ಒಬ್ಬರ ಚಪ್ಪಾಳೆಯೂ ಇರಲಿಲ್ಲ. ಹತ್ತು ಗಂಟೆ, ಹನ್ನೆರಡು ಗಂಟೆ. ಕಣ್ಣು ತಗ್ಗಿಸಿ ಮುಂದಿನವಳ ಕಡೆ ಹೋದರು ಎಂದುಕೊಂಡೆ. ಅಕ್ಕಿ ಆರಿಸಿದೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆ.

ಊಟದ ಹೊತ್ತಿಗೆ ಶಾಂತಕ್ಕನ ದನಿ ಬಂತು. ಹಿಂದೆ ಹೊಲಿಗೆ ಯಂತ್ರದ ಸದ್ದಿರಲಿಲ್ಲ.

"ಅಕ್ಕಾರ, ಮುಂಜಾನಿಂದ ಎಂಟ ಸಲ ಕೇಳೇನ್ರಿ. ಇಷ್ಟ ದಿನ ನಾ ಎಷ್ಟ ಮಂದಿ ಬಾಯಿ ಕಟ್ಟೀನಿ ಅನ್ನೋದು ಈಗ ತಿಳೀತು. ಕಟ್ಟಳಿ ತಗದೇನಿ. ಇನ್ನ ಮ್ಯಾಲ ಯಾರಿಗೆ ಮೊದಲ ಹೇಳಬೇಕು ಅನಸ್ತೈತಿ, ಅವರ ಹೆಸರ ಹೇಳ್ರಿ. ಇದ್ದವರಿರಲಿ, ಇಲ್ಲದವರಿರಲಿ."

ಅದರ ಹಿಂದೆಯೇ ಒಂದು ಹೊಸ ದನಿ. ನಾನು ಎಂದೂ ಕೇಳಿರದ್ದು. ಸ್ವಲ್ಪ ಕಫ ಕಟ್ಟಿದ, ವಯಸ್ಸಾದ ದನಿ, ಹಿಂದೆ ಕರುವಿನ ಕೂಗು.

"ನಾ ಕೊಣ್ಣೂರ ನೀಲವ್ವರಿ. ನಮ್ಮ ಮನೆಯವರ ಹೆಸರ ಫಕ್ಕೀರಪ್ಪ ಅಂತರಿ. ಮೂರ ವರ್ಷ ಆತು. ನಮ್ಮ ಎಮ್ಮಿ ಈದೈತಿ. ಹೋದ ತಿಂಗಳನ ಈದೈತಿ, ಹೇಳಾಕ ಆಗಿದ್ದಿಲ್ಲರಿ."

ಆಮೇಲೆ ಚಪ್ಪಾಳೆ ಶುರುವಾದವು. ನನಗೆ, ನೀಲವ್ವನಿಗೆ, ಎಮ್ಮೆಗೆ. ಸಂಜೆಯೊಳಗೆ ಇನ್ನೂ ನಾಲ್ಕು ಮಂದಿ ಬಾಯಿಬಿಟ್ಟರು. ಒಬ್ಬಾಕೆ ತನ್ನ ತಾಯಿಯ ಹೆಸರು ಹೇಳಿದಳು. ಒಬ್ಬಾಕೆ ಹೆಸರಷ್ಟೇ ಹೇಳಿದಳು, ಸುದ್ದಿಯಿಲ್ಲ. ಅದಕ್ಕೂ ಎಲ್ಲರೂ ಕೈ ಜೋಡಿಸಿದರು.

ಸಂತೋಷವಾಯಿತೇ ಎಂದು ಕೇಳಿದರೆ, ಆಯಿತು. ಆದರೂ ಊಟವಾದ ಮೇಲೆ ಒಂದು ಮೂಲೆ ಖಾಲಿ ಉಳಿದ ಹಾಗಿತ್ತು. ಮಕ್ಕಳೇ, ದೂರದವರ ಚಪ್ಪಾಳೆ ಒಳ್ಳೆಯದು, ನಾನು ಅದನ್ನು ಬೇಡ ಅನ್ನುವುದಿಲ್ಲ. ಆದರೆ ಎಮ್ಮೆಗೂ ಸೀರೆಗೂ ಸಾರಿಗೂ ಅವರು ಒಂದೇ ಸಮನೆ ಹೊಡೆಯುತ್ತಾರೆ. ನಿಮ್ಮ ಅಜ್ಜ ಯಾರು ನೇಯ್ದ ಬಟ್ಟೆಯನ್ನೂ ಚಲೋ ಅಂದವರಲ್ಲ. ಹೆಬ್ಬೆರಳನ್ನು ಅಂಚಿನ ಗುಂಟ ಎಳೆದುಕೊಂಡು ಹೋಗಿ, ತಪ್ಪಿದಲ್ಲಿ ನಿಲ್ಲಿಸಿ, ಬೆರಳು ಅಲ್ಲೇ ಇಟ್ಟುಕೊಂಡು ನೇಯ್ದವರ ಮುಖ ನೋಡುತ್ತಿದ್ದರು. ಅಷ್ಟು ನೋಡಿಸಿಕೊಂಡವನು ತನ್ನ ಬಟ್ಟೆಗೆ ಬೆಲೆಯಿದೆ ಎಂದು ತಿಳಿದು ಮನೆಗೆ ಹೋಗುತ್ತಿದ್ದ. ನನ್ನ ಬಟ್ಟೆಯ ಮೇಲೆ ಆ ಬೆರಳು ಒಮ್ಮೆಯೂ ಓಡಲಿಲ್ಲ.

ಮರುದಿನ ಸಾಲಿಯಿಂದ ಬಂದ ಪಲ್ಲವಿ, ನಾನು ಅದೇ ಫೋಟೋ ನೋಡುತ್ತ ಕೂತದ್ದನ್ನು ಕಂಡು, ಎಲ್ಲರೂ ಚಲೋ ಆಗಿದೆ ಅಂದಿದ್ದಾರಲ್ಲ, ಇನ್ನೇನು ನೋಡುತ್ತೀ ಎಂದು ಕೇಳಿದಳು. ಫೋನು ಕಸಿದುಕೊಂಡು, ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ, ಕಣ್ಣು ಹತ್ತಿರ ಹಿಡಿದಳು. ಆಮೇಲೆ ಹೆಬ್ಬೆರಳನ್ನು ಗಾಜಿನ ಮೇಲೆ ಎಳೆಯುತ್ತ ಹೋಗಿ ಒಂದು ಕಡೆ ನಿಲ್ಲಿಸಿದಳು.

"ಆಯಿ, ಇಲ್ಲೆ ಅಂಚು ಸೊಟ್ಟ ಆಗೇತಿ ನೋಡು."

ನಾನು ಅವಳ ಗದ್ದ ಹಿಡಿದುಕೊಂಡು ಅತ್ತೆ. ತನ್ನ ಮಾತಿಗೆ ನಾನು ನೊಂದೆನೆಂದು ತಿಳಿದು ಅವಳೂ ಅತ್ತಳು. ಪಲ್ಲವಿ, ಅಂದು ನಾನು ಯಾಕೆ ಅತ್ತೆನೆಂದು ನೀನು ಎಷ್ಟು ಕೇಳಿದರೂ ನಾನು ಹೇಳಲಿಲ್ಲ. ಒಳ್ಳೆಯ ಸುದ್ದಿ ಹೇಳಲು ನನಗೆ ಇನ್ನೂ ಪೂರ್ತಿ ಬಂದಿಲ್ಲ, ಅದಕ್ಕೇ ಇಷ್ಟು ಬರೆಯಬೇಕಾಯಿತು.