ಪೋಸ್ಟರಿನಲ್ಲಿ ನಾಲ್ಕೇ ಹೆಸರು

ಎಂಜಿನಿಯರಿಂಗ್ ಮೂರನೆಯ ವರ್ಷದ ಮೊದಲ ವಾರದಲ್ಲೇ ನನ್ನ ಕೊರಳಿಗೆ ನೀಲಿ ಪಟ್ಟಿಯ ಬ್ಯಾಡ್ಜ್ ಬಿತ್ತು. ಅದರ ಮೇಲೆ ಮೆಂಟರ್ ಎಂದು ಬರೆದಿತ್ತು. ರಾಮನಗರದ ಹೊರಗೆ, ಮೈಸೂರು ರಸ್ತೆಯಿಂದ ಸ್ವಲ್ಪ ಒಳಗಿದ್ದ ನಮ್ಮ ಕಾಲೇಜಿನಲ್ಲಿ ಆ ವರ್ಷ ಹೊಸ ಪದ್ಧತಿಯೊಂದನ್ನು ತಂದಿದ್ದರು. ಓದಿನಲ್ಲಿ ಮುಂದಿದ್ದ ಹಿರಿಯ ವಿದ್ಯಾರ್ಥಿಗೆ ಐದು ಜನ ಕಿರಿಯರನ್ನು ಒಪ್ಪಿಸುತ್ತಿದ್ದರು. ಅವರಿಗೆ ಪಾಠ ಹೇಳಿಕೊಡುವುದು, ಅವರ ಹಾಜರಿಯ ಮೇಲೆ ಕಣ್ಣಿಡುವುದು, ಕಾಲೇಜಿನ ಕಾರ್ಯಕ್ರಮಗಳಿಗೆ ಅವರನ್ನು ಸೇರಿಸಿಕೊಳ್ಳುವುದು ಹಿರಿಯನ ಹೊಣೆ. ಬ್ಯಾಡ್ಜ್ ಹಾಕಿಕೊಂಡ ದಿನ ನಾನು ಅಗತ್ಯವಿಲ್ಲದಿದ್ದರೂ ಲೈಬ್ರರಿಗೆ ಮೂರು ಸಲ ಹೋಗಿ ಬಂದೆ.

ಈ ಬ್ಯಾಡ್ಜಿಗಾಗಿ ನಾನು ಪಟ್ಟ ಪಾಡು ಸಣ್ಣದಲ್ಲ. ನಮ್ಮದು ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿ ಕಡೆಯ ಹಳ್ಳಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನು. ನಮ್ಮ ಕಡೆಯ ಬಾಯಿಗೆ ಹಕಾರ ಬರುವುದಿಲ್ಲ. ಹಾಲು ಆಲಾಗುತ್ತದೆ, ಹಲ್ಲು ಅಲ್ಲಾಗುತ್ತದೆ. ಮೊದಲ ವರ್ಷದ ಸೆಮಿನಾರಿನಲ್ಲಿ ನಾನು ಹೀಟ್ ಎನ್ನುವ ಬದಲು ಈಟ್ ಎಂದುಬಿಟ್ಟೆ. ಎರಡು ತಿಂಗಳು ಇಡೀ ತರಗತಿ ನನ್ನನ್ನು ಈಟ್ ಎಂದೇ ಕರೆಯಿತು. ಹಾಸ್ಟೆಲಿನ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು, ಬಾಯಿಯ ಮುಂದೆ ಅಂಗೈ ಹಿಡಿದು, ಬಿಸಿಯುಸಿರು ತಾಗುವವರೆಗೂ ಹ ಹ ಹ ಎಂದು ಅಭ್ಯಾಸ ಮಾಡಿದೆ. ಮೂರನೆಯ ವರ್ಷಕ್ಕೆ ಬರುವಷ್ಟರಲ್ಲಿ ನಾನು ಯಾವ ಊರಿನವನೆಂದು ನನ್ನ ಮಾತಿನಿಂದ ಯಾರೂ ಹೇಳುವಂತಿರಲಿಲ್ಲ.

ನನಗೆ ಒಪ್ಪಿಸಿದ ಐವರಲ್ಲಿ ನಾಲ್ವರು ಹತ್ತೊಂಬತ್ತರ ಆಸುಪಾಸಿನವರು. ಐದನೆಯವರಿಗೆ ಇಪ್ಪತ್ತೇಳು. ಡಿಪ್ಲೊಮಾ ಮುಗಿಸಿ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯೊಂದರಲ್ಲಿ ಆರು ವರ್ಷ ಲೇತ್ ಯಂತ್ರದ ಮೇಲೆ ಕೆಲಸ ಮಾಡಿ, ಕೆಲಸ ಬಿಟ್ಟು, ನೇರವಾಗಿ ಎರಡನೆಯ ವರ್ಷಕ್ಕೆ ಸೇರಿದ್ದರು. ಮದುವೆಯಾಗಿತ್ತು, ನಾಲ್ಕು ವರ್ಷದ ಮಗಳಿದ್ದಳು. ಈಗ ಅವರು ಎಂದು ಬರೆಯುತ್ತಿದ್ದೇನೆ. ಆಗ ನಾನು ಹಾಗೆ ಕರೆಯಲಿಲ್ಲ.

ಮೊದಲ ಭೇಟಿ ವರ್ಕ್‌ಶಾಪ್ ಹಿಂದಿನ ಕೋಣೆಯಲ್ಲಿ. ಮಿಕ್ಕ ನಾಲ್ವರೂ ಇದ್ದರು, ನನ್ನ ಇಬ್ಬರು ಸ್ನೇಹಿತರೂ ಇದ್ದರು. ನಾನು ಇಂಗ್ಲಿಷಿನಲ್ಲಿ ಸ್ವಾಗತ ಹೇಳಿ ಮುಗಿಸುವ ಮೊದಲೇ ಅವರು ಮುಖ ಅರಳಿಸಿಕೊಂಡು ಎದ್ದು ನಿಂತರು.

"ನೀನು ಆಲಳ್ಳಿ ಕಡೆಯೋನಲ್ವೇನಪ್ಪಾ? ನಿಮ್ಮಪ್ಪಾರು ನಂಗ್ ಚೆನ್ನಾಗ್ ಗೊತ್ತು. ನಮ್ ಮಾವನ್ ಜೊತೆ ಒಂದೇ ಟೆಂಪೋಲಿ ರೇಸ್ಮೆ ಗೂಡು ತಗಂಡು ರಾಮನಗರಕ್ಕೆ ಬತ್ತಾರೆ. ನೀನೂ ಅವ್ರಂಗೇ ಇದೀಯ ನೋಡು."

ನನ್ನ ಸ್ನೇಹಿತರು ನನ್ನ ಕಡೆ ತಿರುಗಿದರು. ಒಬ್ಬ ಮುಗುಳ್ನಕ್ಕ. ಎರಡು ವರ್ಷ ಬಚ್ಚಲಲ್ಲಿ ನಿಂತು ತೊಳೆದುಕೊಂಡದ್ದನ್ನು ಈ ಮನುಷ್ಯ ಒಂದೇ ಉಸಿರಿನಲ್ಲಿ ತಂದು ನನ್ನ ಮೈಗೆ ಮೆತ್ತಿದ್ದ. ಪ್ರೀತಿಯಿಂದಲೇ ಮೆತ್ತಿದ್ದ. ಅದನ್ನಂತೂ ನನಗೆ ಸಹಿಸಲಾಗಲಿಲ್ಲ.

"ಇಲ್ಲಿ ಸೀನಿಯರ್‌ನ ಅಣ್ಣ ಅಂತ ಕರೀಬೇಕು. ಬಹುವಚನ ಬಳಸ್ಬೇಕು. ಫ್ಯಾಕ್ಟರಿ ಅಲ್ಲ ಇದು," ಎಂದೆ.

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ನಾನು ನಗಲಿಲ್ಲ. "ಆಯ್ತು ಬುಡಿ ಅಣ್ಣ," ಎಂದು ಕುಳಿತರು. ನನಗಿಂತ ಏಳು ವರ್ಷ ದೊಡ್ಡವರು. ಅಂದಿನಿಂದ ಅಣ್ಣ ಎಂದೇ ಕರೆದರು. ನಾನು ಅವರನ್ನು ಲೇ ಎಂದು ಕರೆಯತೊಡಗಿದೆ.

ವಾರಕ್ಕೆ ಎರಡು ದಿನ ಸಂಜೆ ನಾಲ್ಕಕ್ಕೆ ಪಾಠ. ಅವರಿಗೆ ಬೇಕಾದದ್ದು ಗಣಿತ. ಕಲಿತದ್ದು ಮರೆತುಹೋಗಿತ್ತು, ಇಂಟಿಗ್ರೇಷನ್ ಚಿಹ್ನೆ ಕಂಡರೆ ಬೆವರುತ್ತಿದ್ದರು. ಅದು ಗೊತ್ತಿದ್ದೇ ನಾನು ಪ್ರತಿ ಸಲ ಅವರನ್ನೇ ಬೋರ್ಡಿಗೆ ಕರೆಯುತ್ತಿದ್ದೆ. ಪುಸ್ತಕದ ಇಂಗ್ಲಿಷ್ ವ್ಯಾಖ್ಯೆಗಳನ್ನು ಗಟ್ಟಿಯಾಗಿ ಓದಿಸುತ್ತಿದ್ದೆ. ಅವರ ಬಾಯಲ್ಲಿ ಹೋಮೋಜೀನಿಯಸ್ ಎಂಬ ಪದ ಪಡುತ್ತಿದ್ದ ಪಾಡಿಗೆ ಮಿಕ್ಕವರು ಡೆಸ್ಕಿಗೆ ಹಣೆ ಒತ್ತಿ ನಗುತ್ತಿದ್ದರು. ಸೀಮೆಸುಣ್ಣ ಹಿಡಿದ ಅವರ ಕೈ ಒಂದೇ ಸಾಲನ್ನು ಬರೆದು, ಅಳಿಸಿ, ಮತ್ತೆ ಬರೆಯುತ್ತಿತ್ತು. ಅದೇ ಕೈ ಮರುದಿನ ವರ್ಕ್‌ಶಾಪಿನಲ್ಲಿ ಲೇತಿನ ಮೇಲೆ ಕಬ್ಬಿಣದ ತುಂಡನ್ನು ಬರೀ ಬೆರಳ ಸ್ಪರ್ಶದಿಂದ ನಡುಮಧ್ಯಕ್ಕೆ ಕೂರಿಸುತ್ತಿತ್ತು. ನಮ್ಮ ಮೇಷ್ಟ್ರು ಎಲ್ಲರನ್ನೂ ಕರೆದು, "ನೋಡ್ಕೊಳ್ರಯ್ಯಾ, ಕೈ ಅಂದ್ರೆ ಇದು," ಎಂದರು. ನಾನೂ ನೋಡಿದೆ.

ಆ ಹೊತ್ತಿಗೆ ಕಾಲೇಜಿನ ತಾಂತ್ರಿಕ ಉತ್ಸವ ಬಂತು. ನಾನು, ನನ್ನ ಮೂವರು ಸ್ನೇಹಿತರು ಸೇರಿ ಒಂದು ಯಂತ್ರ ಮಾಡುವುದೆಂದು ನಿಶ್ಚಯಿಸಿದ್ದೆವು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಬಿಡಿಸಿದ ರೇಷ್ಮೆ ಗೂಡಿನ ಮೈಮೇಲೆ ಸಡಿಲವಾದ ಎಳೆಗಳಿರುತ್ತವೆ. ಅವನ್ನು ಕೈಯಲ್ಲಿ ಕೀಳುತ್ತಾ ಕೂತರೆ ಮನೆಮಂದಿಗೆಲ್ಲ ಒಂದು ದಿನದ ಕೆಲಸ. ಎದುರುಬದುರು ತಿರುಗುವ ಎರಡು ಸರಳುಗಳ ಮೇಲೆ ಗೂಡು ಉರುಳಿ, ಎಳೆಗಳು ಸರಳಿಗೆ ಸುತ್ತಿಕೊಳ್ಳುವಂತೆ ನಾನು ಚಿತ್ರ ಬರೆದಿದ್ದೆ. ಮಾಡಿ ನೋಡಿದರೆ ಗೂಡುಗಳು ಸರಳುಗಳ ನಡುವೆ ಸಿಕ್ಕಿ ಅಪ್ಪಚ್ಚಿಯಾದವು. ಒಳಗಿನ ಹುಳ ಒಡೆದು ಕಂದು ರಸ ಸೋರಿ ಮೇಜೆಲ್ಲ ನಾರಿತು.

ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅಣ್ಣ, ಸರಳು ದಪ್ಪ ಆಯ್ತು. ಸಂದೂ ಜಾಸ್ತಿ ಐತೆ. ನಾನು ಒಸಿ ಮಾಡ್ಕೊಡ್ಲಾ?" ಎಂದರು.

"ಮಾಡು. ಅದಕ್ಕೆ ಬದ್ಲು ನಿಂಗೆ ಗಣಿತ ಪೂರ್ತಿ ನಾನು ಹೇಳ್ಕೊಡ್ತೀನಿ," ಎಂದೆ.

ಮೂರು ವಾರ ಅವರು ವರ್ಕ್‌ಶಾಪ್ ಬಿಟ್ಟು ಕದಲಲಿಲ್ಲ. ಸರಳುಗಳನ್ನು ಮತ್ತೆ ತೆಳ್ಳಗೆ ತಿರುವಿದರು, ಮೇಲೆ ರಬ್ಬರ್ ಹೊದಿಸಿದರು, ಗೂಡು ತಾನಾಗಿ ಮುಂದಕ್ಕೆ ಉರುಳಲೆಂದು ಇಡೀ ಚೌಕಟ್ಟನ್ನು ತುಸು ವಾಲಿಸಿದರು. ಕಾಲೇಜಿನ ಗಣಿತದ ತರಗತಿಗಳು ಅದೇ ಹೊತ್ತಿಗೆ ಬೀಳುತ್ತಿದ್ದವು. "ಆಜರಿ ಓಯ್ತದಲ್ಲಣ್ಣ," ಎಂದು ಒಮ್ಮೆ ಅನುಮಾನಿಸಿದಾಗ, ಮೆಂಟರ್ ಪತ್ರ ಕೊಟ್ಟರೆ ಹಾಜರಿ ಸಿಗುತ್ತದೆ, ಅದನ್ನು ನನಗೆ ಬಿಡು ಎಂದೆ. ಗಣಿತ ಯಾವಾಗ ಎಂದು ಕೇಳಿದಾಗಲೆಲ್ಲ ನಾಳೆ ಎಂದೆ. ನನ್ನ ಬಳಿ ಹಳೆಯ ಪ್ರಶ್ನೆಗಳಿಗೆಲ್ಲ ಉತ್ತರ ಬರೆದಿಟ್ಟ ಒಂದು ನೋಟ್‌ಬುಕ್ ಇತ್ತು. ಮಿಕ್ಕ ನಾಲ್ವರಿಗೆ ಅದರ ಜೆರಾಕ್ಸ್ ಕೊಟ್ಟೆ. ಅವರಿಗೆ ಕೊಡಲಿಲ್ಲ. ಕೊಡಬಾರದೆಂದು ಕೂತು ಯೋಚಿಸಿ ತೀರ್ಮಾನಿಸಿದ್ದೆನೆಂದಲ್ಲ. ಕೊಡುವಾಗ ಕೈ ಮುಂದಾಗಲಿಲ್ಲ, ಅಷ್ಟೆ.

ಉತ್ಸವದ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹೆಂಡತಿ ಮಗಳನ್ನು ಕರೆದುಕೊಂಡು ಬಂದರು. ಮಗುವಿಗೆ ಎರಡು ಜುಟ್ಟು ಕಟ್ಟಿ ಕನಕಾಂಬರ ಮುಡಿಸಿದ್ದರು. ಯಂತ್ರವನ್ನು ದೂರದಿಂದಲೇ ತೋರಿಸುತ್ತಾ ಬಂದ ಅವರು ಹಿಂದಿನ ಪೋಸ್ಟರಿನ ಮುಂದೆ ನಿಂತುಬಿಟ್ಟರು. ಪೋಸ್ಟರಿನಲ್ಲಿ ನಾಲ್ಕು ಹೆಸರುಗಳಿದ್ದವು. ಮೇಲಿನಿಂದ ಕೆಳಕ್ಕೆ ಓದಿದರು. ಮತ್ತೊಮ್ಮೆ ಓದಿದರು.

"ಅಣ್ಣ, ನನ್ ಎಸ್ರು?"

ಸುತ್ತ ಹದಿನೈದಿಪ್ಪತ್ತು ಜನ ಇದ್ದರು. ನಾನು ಅವರೆಲ್ಲರಿಗೂ ಕೇಳುವಂತೆ ಹೇಳಿದೆ.

"ಎಸ್ರಂತೆ ಎಸ್ರು! ಮೊದ್ಲು ಹೆಸರು ಅನ್ನೋದನ್ನ ಕಲಿಯಲೇ. ಆಮೇಲೆ ಹಾಕೋಣ."

ಹಕಾರವನ್ನು ಎಷ್ಟು ಒತ್ತಿ ಹೇಳಿದೆನೆಂದರೆ ಎದುರಿಗಿದ್ದವರಿಗೆ ಗಾಳಿ ತಾಗಿರಬೇಕು. ಜನ ಗೊಳ್ಳೆಂದರು. ಎಲ್ಲರೂ ನಗುವುದನ್ನು ಕಂಡು ಆ ಮಗುವೂ ಚಪ್ಪಾಳೆ ತಟ್ಟಿಕೊಂಡು ನಕ್ಕಿತು. ಅವರ ಹೆಂಡತಿ ಮಗುವನ್ನು ಎತ್ತಿಕೊಂಡು, ಅದರ ಮುಖವನ್ನು ಹೆಗಲಿಗೆ ಒತ್ತಿ ಹಿಡಿದರು. ಮೂವರೂ ಕ್ಯಾಂಟೀನಿನ ಕಡೆ ಹೊರಟುಹೋದರು.

ಅರ್ಧ ಗಂಟೆಯ ಮೇಲೆ ತೀರ್ಪುಗಾರರು ಬಂದಾಗ ಯಂತ್ರ ನಿಂತಿತು. ಎಳೆಗಳು ಬೇರಿಂಗಿಗೆ ಸುತ್ತಿಕೊಂಡಿದ್ದವು. ನಾವು ನಾಲ್ವರಿಗೂ ಅದನ್ನು ಬಿಚ್ಚಲು ಬರುತ್ತಿರಲಿಲ್ಲ. ಅವರನ್ನು ಕರೆತರಲು ನಾನು ಒಬ್ಬನನ್ನು ಕ್ಯಾಂಟೀನಿಗೆ ಓಡಿಸಿದೆ. ಅವರು ಬಂದರು, ಬರುತ್ತಾರೆಂದು ನನಗೆ ಖಾತ್ರಿಯಿತ್ತು, ಯಂತ್ರ ಅವರದು. ಕೊರಳ ಐಡಿ ಕಾರ್ಡು ಸರಳಿಗೆ ಸಿಕ್ಕಬಾರದೆಂದು ಜೇಬಿಗೆ ತುರುಕಿಕೊಂಡು, ಬಿಳಿ ಅಂಗಿಯಲ್ಲೇ ನೆಲಕ್ಕೆ ಮಂಡಿಯೂರಿ, ಬ್ಲೇಡಿನಿಂದ ಎಳೆಗಳನ್ನು ಕತ್ತರಿಸಿ ತೆಗೆದರು. ಯಂತ್ರ ತಿರುಗಿತು. ಗೂಡುಗಳು ಒಂದೊಂದಾಗಿ ನುಣುಪಾಗಿ ಹೊರಬಿದ್ದವು.

"ಇವರು ಯಾರು?" ಎಂದು ತೀರ್ಪುಗಾರರೊಬ್ಬರು ಕೇಳಿದರು.

"ವರ್ಕ್‌ಶಾಪ್ ಹೆಲ್ಪರ್ ಸರ್," ಎಂದೆ.

ಅವರು ಇನ್ನೂ ಮಂಡಿಯ ಮೇಲೇ ಇದ್ದರು. ತಲೆಯೆತ್ತಿ ನನ್ನನ್ನು ನೋಡಿದರು. ಕಾರ್ಡನ್ನು ಜೇಬಿನಿಂದ ಎಳೆದು ತೋರಿಸಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಬ್ಲೇಡನ್ನು ಮೇಜಿನ ಮೇಲಿಟ್ಟು, ಮಂಡಿ ಒರೆಸಿಕೊಂಡು ಹೋದರು. ನಮಗೆ ಮೊದಲ ಬಹುಮಾನ ಬಂತು.

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಹಾಜರಿ ಕಡಿಮೆಯಿದ್ದವರ ಪಟ್ಟಿ ಹಾಕಿದರು. ಗಣಿತದಲ್ಲಿ ಅವರ ಹೆಸರಿತ್ತು; ನಾನು ಆ ಪತ್ರ ಕೊಟ್ಟೇ ಇರಲಿಲ್ಲ. ಪರೀಕ್ಷೆಗೆ ಕೂರಿಸದಿದ್ದರೆ ಒಂದು ವರ್ಷ ಹೋಗುತ್ತದೆ. ವಿಭಾಗದ ಮುಖ್ಯಸ್ಥೆ ನನ್ನನ್ನು ಕರೆಸಿದರು. ಹಾಜರಿ ಕೇಳಲು ಬಂದಿದ್ದ ಅವರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು.

"ಮೂರು ವಾರ ನಿಮ್ಮ ಪ್ರಾಜೆಕ್ಟಿಗೆ ಕೆಲಸ ಮಾಡ್ತಿದ್ದೆ ಅಂತಾನೆ. ಹೌದಾ? ಹೌದಾದ್ರೆ ಬರ್ಕೊಡು, ಹಾಜರಿ ಕೊಡೋಣ."

ಹೌದು ಎಂದು ಬರೆದರೆ ಯಂತ್ರ ಮಾಡಿದವರು ಯಾರೆಂಬ ಪ್ರಶ್ನೆ ಏಳುತ್ತಿತ್ತು. ಬಹುಮಾನ, ಹೆಲ್ಪರ್ ಎಂದ ಮಾತು ಎಲ್ಲವೂ ಹೊರಬೀಳುತ್ತಿತ್ತು.

"ಆಗಾಗ ಬಂದು ನಿಂತು ನೋಡ್ತಿದ್ರು ಮೇಡಂ. ಕೆಲಸ ಅಂತೇನಿಲ್ಲ," ಎಂದೆ. ಹಾಗೆಯೇ ಬರೆದೂ ಕೊಟ್ಟೆ. ಪಾಠಕ್ಕೆ ಬರುತ್ತಿರಲಿಲ್ಲ, ಆಸಕ್ತಿ ಕಾಣಲಿಲ್ಲ ಎಂದೂ ಒಂದು ಸಾಲು ಸೇರಿಸಿದೆ. ಆ ಸಾಲನ್ನು ಯಾರೂ ಕೇಳಿರಲಿಲ್ಲ.

ಹೊರಗೆ ಬಂದಾಗ ಅವರು, "ಏನಂದ್ರಿ ಅಣ್ಣ?" ಎಂದರು.

"ಇದ್ದದ್ದು ಹೇಳ್ದೆ."

ಅವರಿಗೆ ಅರ್ಥವಾಯಿತು. ಮೆಲ್ಲಗೆ ಹೇಳಿದರು. "ಫ್ಯಾಕ್ಟ್ರೀಲಿ ಆರು ವರ್ಸ ಸೂಪರ್‌ವೈಸರ್ ಕೈಲಿ ಬೈಸ್ಕಂಡಿವ್ನಿ. ಅವ್ನು ಒರಗ್ನೋನು, ಬೈದ, ಓದ. ನೀನು ನಮ್ಮೋನು ಕಣ್ಲಾ."

ಅಣ್ಣ ಎನ್ನಲಿಲ್ಲ. ಅದೇ ಕೊನೆ, ಮತ್ತೆ ಕಾಲೇಜಿಗೆ ಬರಲಿಲ್ಲ. ಹಾರೋಹಳ್ಳಿಯ ಕೆಲಸಕ್ಕೇ ವಾಪಸಾದರೆಂದು ಕೇಳಿದೆ. ಆ ವರ್ಷದ ಉತ್ತಮ ಮೆಂಟರ್ ಪ್ರಮಾಣಪತ್ರ ನನಗೆ ಬಂತು. ಪಾಸಾದ ನಾಲ್ವರು ಕಿರಿಯರು ವೇದಿಕೆಯ ಮೇಲೆ ನನ್ನ ಜೊತೆ ಫೋಟೊ ತೆಗೆಸಿಕೊಂಡರು.

ಮರುವರ್ಷ ನಮ್ಮ ಯಂತ್ರ ಮೈಸೂರಿನ ಅಂತರಕಾಲೇಜು ಸ್ಪರ್ಧೆಗೆ ಆಯ್ಕೆಯಾಯಿತು. ವರ್ಷವಿಡೀ ಮೂಲೆಯಲ್ಲಿದ್ದ ಅದನ್ನು ಪ್ಯಾಕ್ ಮಾಡುವ ಮುನ್ನ ತಿರುಗಿಸಿ ನೋಡಿದರೆ ಮತ್ತೆ ಗೂಡು ಅಪ್ಪಚ್ಚಿ. ಏನು ಮಾಡಿದರೂ ಸರಿಹೋಗಲಿಲ್ಲ. ನಾಚಿಕೆ ಎಂಬುದು ಇದ್ದಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಕನಕಪುರದ ಬಸ್ಸು ಹತ್ತಿ ಅವರ ಊರಿಗೆ ಹೋದೆ. ಭಾನುವಾರ. ಅವರ ಹೆಂಡತಿ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಒಳಗೆ ಗೋಡೆಗೊರಗಿ ಅವರು ಮಗಳ ಸ್ಲೇಟಿನ ಮೇಲೆ ಏನೋ ಬರೆಯುತ್ತಿದ್ದುದು ನನಗೆ ಕಾಣುತ್ತಿತ್ತು. ಯಾರು ಬೇಕೆಂದು ಹೆಂಡತಿ ಕೇಳಿದರು. ಹೇಳಿದೆ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಗುರುತು ಹತ್ತಿತು.

"ಎಲ್ಪರು ಮನೇಲಿಲ್ಲ," ಎಂದರು. "ಓಗಿ."

ಒಳಗಿನವರು ತಲೆಯೆತ್ತಲಿಲ್ಲ. ನಾನು ಬಸ್ ನಿಲ್ದಾಣಕ್ಕೆ ನಡೆದೆ. ಮೈಸೂರಿನಲ್ಲಿ ಯಂತ್ರ ಮೂರು ನಿಮಿಷವೂ ಓಡಲಿಲ್ಲ.

ಆ ವರ್ಷ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ ಊಟದ ಮಧ್ಯೆ ಕೇಳಿದ. "ಆ ಉಡುಗ ನಿಮ್ ಕಾಲೇಜಲ್ಲೇ ಇದ್ನಂತಲ್ಲ, ಓದು ಯಾಕ್ ಬುಟ್ಟ? ಗೂಡಿನ್ ಟೆಂಪೋಲಿ ನನ್ ಜೊತೆ ಬರೋ ಅವ್ರ್ ಮಾವ ಕೊರಗ್ತಾವ್ನೆ. ನಿಂಗೇನಾರ ಗೊತ್ತೇನ್ಲಾ?"

"ಇಲ್ಲಪ್ಪ," ಎಂದೆ. ಅಪ್ಪ ಮುದ್ದೆ ಮುರಿಯುತ್ತಾ, "ನೀನಾರ ಒಸಿ ಏಳ್ಕೊಟ್ಟಿದ್ರೆ ಆಗೋದು," ಎಂದ. ಅನ್ನುವುದನ್ನು ಅಂದು ಊಟ ಮುಂದುವರಿಸಿದ. ನಾನು ಅರ್ಧ ಮುದ್ದೆ ಬಿಟ್ಟು ಎದ್ದೆ.

ರಜೆ ಮುಗಿಸಿ ಬಂದ ದಿನವೇ ಮುಖ್ಯಸ್ಥೆಯ ಕೋಣೆಗೆ ಹೋದೆ. ಕೂರಲಿಲ್ಲ, ನಿಂತೇ ಹೇಳಿದೆ: ಯಂತ್ರ ಮಾಡಿದ್ದು ಅವರು, ಪತ್ರದಲ್ಲಿ ನಾನು ಬರೆದದ್ದು ಸುಳ್ಳು, ಅದನ್ನು ತಿದ್ದಬೇಕು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈಗ ಹೇಳ್ತೀಯಲ್ಲಪ್ಪ. ಅವನು ಟಿಸಿ ತಗೊಂಡು ಹೋಗಾಗಿದೆ. ನಾಳೆ ನಿನ್ನದು ಕ್ಯಾಂಪಸ್ ಇಂಟರ್‌ವ್ಯೂ ಇದೆ. ಈ ವಿಷಯ ಎತ್ತಿದ್ರೆ ನಿಂಗೂ ತೊಂದ್ರೆ, ವಿಭಾಗಕ್ಕೂ ತೊಂದ್ರೆ. ಬೇಕಾದ್ರೆ ಲಿಖಿತವಾಗಿ ಕೊಡು, ತಗೋತೀನಿ." ಒಂದು ಬಿಳಿ ಹಾಳೆಯನ್ನು ನನ್ನ ಕಡೆ ತಳ್ಳಿದರು.

ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಯೋಚಿಸಿ ಬರುತ್ತೇನೆಂದೆ. ಹೇಳಿ ಬಂದೆನಲ್ಲ, ನನ್ನ ಕಡೆಯಿಂದ ಆಗಬೇಕಾದ್ದು ಆಯಿತು ಎನಿಸಿತು. ಮೆಟ್ಟಿಲಿಳಿಯುವಾಗ ಮೈ ಹಗುರಾಗಿತ್ತು. ಆ ಹಗುರವನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ಕ್ಯಾಂಟೀನಿಗೆ ಹೋಗಿ ಎರಡು ಪ್ಲೇಟ್ ಚಿತ್ರಾನ್ನ ತಿಂದೆ. ಕೈ ಒರೆಸಿಕೊಳ್ಳಲು ಕಾಗದ ಸಿಗಲಿಲ್ಲವೆಂದು ಆ ಹಾಳೆಯಲ್ಲೇ ಒರೆಸಿಕೊಂಡೆ.