ಅತ್ತಿಗೆಯ ಗಂಟಲು ಕಟ್ಟಿದ ಶನಿವಾರ

ಸುಗುಣಮ್ಮ ನನ್ನ ಅತ್ತಿಗೆ. ಅಣ್ಣ ತೀರಿಕೊಂಡು ಒಂಬತ್ತು ವರ್ಷವಾಯಿತು. ಹುಣಸೂರಿನ ಒಂದೇ ಮನೆಯಲ್ಲಿದ್ದೇವೆ, ಒಂದೇ ಗೋದಾಮಿನಲ್ಲಿ ಹೊಗೆಸೊಪ್ಪು ವಿಂಗಡಿಸುತ್ತೇವೆ. ಹಗಲೆಲ್ಲ ಸೊಪ್ಪಿನ ಧೂಳು ಕುಡಿದು, ಸೊಂಟ ಹಿಡಿದುಕೊಂಡು ಮನೆಗೆ ಬಂದರೆ ಏಳು ಗಂಟೆಗೆ ಕುಟುಂಬ ಪ್ರಾರ್ಥನೆ. ನಮ್ಮಲ್ಲಿ ಹಿರಿಯರು ಪ್ರಾರ್ಥಿಸಬೇಕು, ಉಳಿದವರು ಆಮೆನ್ ಅನ್ನಬೇಕು. ಹಿರಿಯರು ಅಂದರೆ ಅತ್ತಿಗೆ. ಅಬ್ಬಬ್ಬಾ, ಅವರ ಪ್ರಾರ್ಥನೆಯೋ! ಸಭಾಪಾಲಕರಿಂದ ಹಿಡಿದು ಚುಂಚನಕಟ್ಟೆಯ ಚಿಕ್ಕಮ್ಮನ ಮಂಡಿನೋವಿನವರೆಗೆ ಎಲ್ಲವನ್ನೂ ದೇವರಿಗೆ ಒಪ್ಪಿಸಿ ಮುಗಿಸುವಷ್ಟರಲ್ಲಿ ಅನ್ನ ಆರಿ ತಣ್ಣಗಾಗುತ್ತಿತ್ತು.

"ದೇವ್ರಿಗೂ ಒಸಿ ಮಾತಾಡಕ್ಕೆ ಬುಡಿ ಅತ್ತಿಗೆ," ಅಂದಿದ್ದೆ ಒಮ್ಮೆ.

"ನಿಂಗೆ ಭಕ್ತಿ ಇಲ್ಲ ಕಣೆ, ಬರೀ ಒಟ್ಟೆ ಚಿಂತೆ," ಅಂದರು.

ಅತ್ತಿಗೆಯ ಕಿವಿ ಮಂದವೇ ಅಂದರೆ ಅದೂ ಅಲ್ಲ. ಗೋದಾಮಿನಲ್ಲಿ ಹೊಗೆಸೊಪ್ಪಿನ ಎಲೆಯನ್ನು ಕಿವಿಯ ಹತ್ತಿರ ತುಸು ಮಡಚಿ, ಗರಗರ ಅಂದರೆ ತೇವ ಸಾಲದೆಂದು ತಿಳಿದು, "ಎಲೆಗೆ ಅದ ಬಂದಿಲ್ಲ, ಮುಟ್ಟಬ್ಯಾಡಿ, ಪುಡಿಯಾಯ್ತದೆ," ಎಂದು ಎತ್ತಿಡುತ್ತಿದ್ದರು. ಆ ಅಂದಾಜು ಒಂದು ದಿನವೂ ತಪ್ಪಾಗಿದ್ದಿಲ್ಲ.

ಕಳೆದ ಡಿಸೆಂಬರಿನಲ್ಲಿ ಅತ್ತಿಗೆಯ ಮಗಳು ಸೌಂದರ್ಯ ಪಿರಿಯಾಪಟ್ಟಣದ ಗಂಡನ ಮನೆಯಿಂದ ಒಂದು ಬ್ಯಾಗು ಹಿಡಿದು ಒಬ್ಬಳೇ ಬಂದಳು. "ಅಮ್ಮ, ಅಲ್ಲಿ..." ಎಂದು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಅವಳ ತಲೆಯ ಮೇಲೆ ಕೈಯಿಟ್ಟು ಶುರು ಮಾಡಿದರು: "ಸ್ವಾಮಿ, ಈ ಸಂಸಾರ ಒಂದು ಮಾಡು. ನಿನ್ನ ಚಿತ್ತ ಏನು ಅಂತ ತಿಳ್ಸು."

ಹತ್ತು ದಿನ ಇದೇ ಪಾಠ. ಹನ್ನೊಂದನೆಯ ದಿನ ಅಳಿಯ ಫೋನ್ ಮಾಡಿ, ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ ಅಂದ. "ನೋಡ್ದಾ, ದೇವ್ರು ಉತ್ತರ ಕೊಟ್ಟ!" ಎಂದು ಅತ್ತಿಗೆ ತಾವೇ ಬ್ಯಾಗು ತುಂಬಿ ಬಾಗಿಲ ಹತ್ತಿರ ಇಟ್ಟರು. ಸೌಂದರ್ಯ ಗೋಡೆ ನೋಡುತ್ತ ಕೂತಿದ್ದಳು. ಏನಮ್ಮಾ ಅಂತ ನಾನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಮೈ ಸೋತಿತ್ತು ಅನ್ನುವುದು ನೆಪ, ಅಷ್ಟೆ.

ಶನಿವಾರ ಧೂಳಿಗೆ ಅತ್ತಿಗೆಯ ಗಂಟಲು ಕಟ್ಟಿತು. ಒಂದು ವಾರ ಪಿಸುಮಾತೂ ಆಡಕೂಡದು ಅಂದರು ಡಾಕ್ಟರು. ಏಳು ಗಂಟೆಗೆ ಚಾಪೆ ಹಾಸಿ, ನೀನು ಮಾಡು ಎಂದು ನನಗೆ ಕೈಸನ್ನೆ ಮಾಡಿದರು. "ನಾನು ಆಮೆನ್ ಪಾರ್ಟಿ ಅತ್ತಿಗೆ," ಎಂದು ನುಣುಚಿಕೊಂಡೆ. ಸೌಂದರ್ಯಳತ್ತ ಬೆರಳು ತೋರಿಸಿದರು.

ಅವಳು ಕಣ್ಣು ಮುಚ್ಚಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: "ಸ್ವಾಮಿ, ಅವ್ನು ಬೆಲ್ಟಲ್ಲಿ ಒಡೀತಾನೆ. ಅಮ್ಮಂಗೆ ಯೋಳಣ ಅಂತ ವೋದ್ರೆ, ಯಾವಾಗ್ಲೂ ನಿನ್ ಜೊತೇಲಿ ಮಾತಾಡ್ತಾ ಕೂತಿರ್ತಾರೆ. ಅದ್ಕೆ ನಿಂಗೇ ಯೋಳ್ತಿದೀನಿ. ನಾಳೆ ನನ್ನ ಕಳಿಸ್ಬ್ಯಾಡ."

ಅತ್ತಿಗೆ ಬಾಯಿ ತೆರೆದರು, ದನಿ ಬರಲಿಲ್ಲ. ದನಿ ಇದ್ದಿದ್ದರೆ ಆಗಲೂ "ತಂದೆಯೇ" ಎಂದು ಶುರು ಮಾಡುತ್ತಿದ್ದರೇನೋ. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಯಾರೂ ಆಮೆನ್ ಅನ್ನಲಿಲ್ಲ.

ಆಮೇಲೆ ಎದ್ದರು. ಬಾಗಿಲ ಬಳಿಯ ಬ್ಯಾಗು ತಂದು, ಸೀರೆಗಳನ್ನು ಒಂದೊಂದಾಗಿ ತೆಗೆದು ಬೀರುವಿನಲ್ಲಿಟ್ಟರು. ಬಂದು ಮಗಳಿಗೆ ಮಂಡಿ ತಾಗುವಷ್ಟು ಹತ್ತಿರ ಕೂತರು. ಡಾಕ್ಟರ ಮಾತು ಮೀರಿ, ಒಡೆದ ಗಂಟಲಲ್ಲಿ ಕೇಳಿದರು:

"ಇನ್ನೂ ಏನೈತೆ, ಯೋಳು ಮಗ."

ಆವತ್ತೂ ಅನ್ನ ಆರಿ ತಣ್ಣಗಾಯಿತು. ಈ ಸಲ ನಾನು ಗೊಣಗಲಿಲ್ಲ.